ತೂರುಬಂಡೆಯ ಮೂಡಗಾಳಿ

ಉತ್ತರಹಳ್ಳಿಯ ಲಕ್ಷ್ಮಿದೇವಮ್ಮನವರಿಗೆ ಎಪ್ಪತ್ತಮೂರು ವರ್ಷ. ನಾಲ್ಕು ಅಂತಸ್ತಿನ ಸ್ವಂತ ಮನೆ, ಅದರಲ್ಲಿ ಏಳು ಬಾಡಿಗೆ ಸಂಸಾರಗಳು. ಆದರೂ ಯಾರಾದರೂ ಹೊಸಬರು ಬಂದು, ನೀವು ಮೊದಲು ಏನು ಕೆಲಸ ಮಾಡ್ತಿದ್ರಿ ಎಂದು ಕೇಳಿದರೆ ಅವರು ಬಾಡಿಗೆಯ ಮಾತೇ ಎತ್ತುವುದಿಲ್ಲ. "ನಾನು ಗಾಳಿ ನೋಡ್ತಿದ್ದೆ" ಅನ್ನುತ್ತಾರೆ. ಕೇಳಿದವರು ಮುದುಕಿಗೆ ಅರಳುಮರಳು ಎಂದುಕೊಂಡು, ಕೊಟ್ಟ ಕಾಫಿ ಕುಡಿದು ಎದ್ದು ಹೋಗುತ್ತಾರೆ. ಅರಳುಮರಳು ಏನೂ ಇಲ್ಲ. ಹೋದ ತಿಂಗಳು ನೀರಿನ ಟ್ಯಾಂಕರ್ ಯಾವ್ಯಾವ ದಿನ ಕೈಕೊಟ್ಟಿತು ಅನ್ನುವುದನ್ನು ಇಡೀ ಬೀದಿ ಇವತ್ತಿಗೂ ಅವರನ್ನೇ ಕೇಳುತ್ತದೆ.

ಗಾಳಿ ನೋಡುವುದೆಂದರೇನು ಎಂದು ಈಗಿನವರಿಗೆ ಬಿಡಿಸಿಯೇ ಹೇಳಬೇಕು. ಉತ್ತರಹಳ್ಳಿ ನಿಜವಾಗಿಯೂ ಹಳ್ಳಿಯಾಗಿದ್ದಾಗ ಊರಿಗೆಲ್ಲ ಸೇರಿದ ಒಂದು ಬೋಳು ಬಂಡೆ ಇತ್ತು. ಈಗಲೂ ಇದೆ, ಸುತ್ತ ಲೇಔಟು, ನಡುವೆ ಅದು. ಎರಡಾಳೆತ್ತರ, ಮೇಲೆ ಚಪ್ಪಟೆ. ಅದಕ್ಕೆ ತೂರುಬಂಡೆ ಎಂದು ಹೆಸರು, ಊರವರಿಗೆಲ್ಲ ಅದೇ ಕಣ. ಕೊಯ್ದ ರಾಗಿ ತೆನೆಯನ್ನು ಅಲ್ಲಿ ಹರಡಿ, ರೋಣಗಲ್ಲು ಎಳೆದು, ಕಾಳು ಹೊಟ್ಟು ಕಲಸಿಹೋದ ರಾಶಿಯನ್ನು ಗಾಳಿಗೆ ತೂರುತ್ತಿದ್ದರು. ಗಂಡ ಮೂರು ಕಾಲಿನ ಎತ್ತರದ ಮೆಟ್ಟಿನ ಮೇಲೆ ನಿಲ್ಲಬೇಕು. ಹೆಂಡತಿ ಕೆಳಗಿನಿಂದ ತುಂಬಿದ ಮೊರ ಎತ್ತಿ ಕೊಡಬೇಕು. ಗಾಳಿ ಬರುವ ಹೊತ್ತಿಗೆ ಸರಿಯಾಗಿ ಅವನು ಮೊರ ಓರೆ ಮಾಡಿದರೆ ಹೊಟ್ಟು ಪಡುವಲಿಗೆ ಹಾರಿ ಹೋಗುತ್ತದೆ, ರಾಗಿ ನೆಟ್ಟಗೆ ಕೆಳಗೆ ಬೀಳುತ್ತದೆ. ಗಾಳಿ ಇಲ್ಲದಾಗ ಸುರಿದರೆ ಎರಡೂ ಒಟ್ಟಿಗೇ ಬಿದ್ದು ಬೆಳಗಿನಿಂದ ಪಟ್ಟ ಪಾಡು ಮಣ್ಣುಪಾಲು. ಮೇಲೆ ನಿಂತವನಿಗೆ ಕಣ್ಣ ತುಂಬ ಧೂಳು. ಹಾಗಾಗಿ ಗಾಳಿ ಬಂತೋ ಇಲ್ಲವೋ ಎಂದು ಹೇಳುವುದು ಕೆಳಗೆ ನಿಂತವಳ ಕೆಲಸ.

ಲಕ್ಷ್ಮಿದೇವಮ್ಮ ಹದಿನೇಳನೇ ವಯಸ್ಸಿಗೆ ಇಟ್ಟಮಡುವಿನಿಂದ ಚಿಕ್ಕಬೈರಪ್ಪನ ಹೆಂಡತಿಯಾಗಿ ಬಂದವರು. ಮೊದಲ ವರ್ಷದ ಸುಗ್ಗಿಯಲ್ಲೇ ಗೊತ್ತಾಗಿಹೋಯಿತು, ಈ ಹುಡುಗಿಗೆ ಗಾಳಿ ಎಲ್ಲರಿಗಿಂತ ಮೊದಲು ತಿಳಿಯುತ್ತದೆ ಎಂದು. ಮೂಡಲಿಗೆ ಬೆನ್ನು ಮಾಡಿ ನಿಂತರೆ ಕುತ್ತಿಗೆಯ ಹಿಂದಿನ ಬೆವರು ತಣ್ಣಗಾಗುತ್ತಿತ್ತು. ಮರದೆಲೆ ಅಲ್ಲಾಡುವ ಮೊದಲೇ "ಬಂತು" ಅನ್ನುತ್ತಾ ಮೊರ ಮೇಲೆತ್ತುತ್ತಿದ್ದರು. ನಿಲ್ಲುವ ಮೊದಲೇ "ಹೋಯ್ತು" ಅನ್ನುತ್ತಿದ್ದರು, ಚಿಕ್ಕಬೈರಪ್ಪ ಕೈ ತಡೆಯುತ್ತಿದ್ದರು. ಆತ ಮಹಾ ಮುಂಗೋಪಿ. ಸಾರಿಗೆ ಉಪ್ಪು ಹೆಚ್ಚಾದರೆ ತಟ್ಟೆ ಸರಿಸಿ ಎದ್ದುಬಿಡುವ ಪೈಕಿ. ಹೆಂಡತಿಯ ಮಾತು ಎಂದು ಅವರು ಜೀವಮಾನದಲ್ಲಿ ತಲೆಬಾಗಿ ಕೇಳಿದ್ದು ಆ ಎರಡು ಮಾತನ್ನು ಮಾತ್ರ. ಇನ್ನೊಂದು ಸಲವೂ ಕೇಳಿದ್ದುಂಟು, ಅದು ಆಮೇಲೆ ಬರುತ್ತದೆ.

ಕಣಕ್ಕೆ ಎರಡು ಕಟ್ಟಳೆ ಇದ್ದವು. ಚಪ್ಪಲಿ ಮೆಟ್ಟಿ ಹತ್ತಬಾರದು. ಹತ್ತಿದ ಮೇಲೆ ಸುಳ್ಳಾಡಬಾರದು. ರಾಶಿ ಲಕ್ಷ್ಮಿ, ಸುಳ್ಳು ಕಿವಿಗೆ ಬಿದ್ದರೆ ಎದ್ದು ಹೋಗುತ್ತಾಳೆ ಎಂದು ಅತ್ತೆ ಹೇಳಿಕೊಟ್ಟಿದ್ದರು. ದಾಯಾದಿಗಳ ಜಗಳವನ್ನೂ ಬಂಡೆಯ ಮೇಲೆ ಕೂರಿಸಿಯೇ ಬಗೆಹರಿಸುತ್ತಿದ್ದುದು ಅದಕ್ಕೇ.

ಆಮೇಲೆ ರಾಗಿಹೊಲಗಳೆಲ್ಲ ಸೈಟುಗಳಾದವು. ಬಂಡೆಯ ಮೇಲೆ ಹುಡುಗರು ಪಟ ಹಾರಿಸುವುದೂ ನಿಂತಿತು. ಚಿಕ್ಕಬೈರಪ್ಪ ತೀರಿಕೊಂಡು ಆರು ವರ್ಷವಾಯಿತು. ಮಂಡಿನೋವಿನ ಲಕ್ಷ್ಮಿದೇವಮ್ಮ ಬಂಡೆ ಹತ್ತಿ ಅದಕ್ಕೂ ಎಷ್ಟೋ ವರ್ಷವಾಗಿತ್ತು. ತಾವಿದ್ದ ಕೆಳಗಿನ ಮನೆಯ ಕಿಟಕಿಯಿಂದ ಅದರ ಒಂದು ಪಕ್ಕೆ ಕಾಣುತ್ತಿತ್ತು, ಅಷ್ಟೇ. ಮಧ್ಯಾಹ್ನ ಊಟವಾದ ಮೇಲೆ ಅವರು ಕುರ್ಚಿ ಆ ಕಿಟಕಿಗೆ ಎಳೆದುಕೊಂಡು ಕೂರುತ್ತಿದ್ದರು. ಕೂತು ಏನು ಯೋಚಿಸುತ್ತೀರಿ ಎಂದರೆ ಏನೂ ಇಲ್ಲ ಅನ್ನುತ್ತಿದ್ದರು. ಹೊಟ್ಟು ಮೆತ್ತಿದ ಹುಬ್ಬಿನ ಗಂಡ ಮೆಟ್ಟಿನ ಮೇಲಿಂದ ಕೈ ಕೆಳಗೆ ಚಾಚುವುದು ಅವರಿಗೆ ಬೇಕಾಗಿತ್ತು. ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಹೀಗಿರುವಾಗ ಕಳೆದ ಕಾರ್ತಿಕದಲ್ಲಿ ಬಂಡೆಯ ಮಾತು ಎದ್ದಿತು. ಬಂಡೆ ಈಗ ಪಾಲಿಕೆಯ ಜಾಗ. ಖಾಲಿ ಜಾಗ ಕಂಡರೆ ಬೆಂಗಳೂರಿನಲ್ಲಿ ಯಾರಿಗೆ ಸುಮ್ಮನಿರಲಾಗುತ್ತದೆ? ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷ ಸೋಮನಾಥ್, ದಾವಣಗೆರೆಯ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು. ಬಂಡೆಯ ಮೇಲೆ ಮೂವತ್ತಡಿ ಕಂಬ ನೆಟ್ಟು ಮೂರು ಗಾಳಿಯಂತ್ರ ಹಾಕಿಸೋಣ, ಬೀದಿದೀಪಕ್ಕೂ ಬೋರ್‌ವೆಲ್ ಪಂಪಿಗೂ ಕರೆಂಟು ಆಗುತ್ತದೆ ಎಂದು ಅವರ ಆಸೆ. ಹಳೆಯ ಊರಿನವರ ಗುಂಪು ಅಲ್ಲಿ ಸಮುದಾಯ ಭವನ ಬೇಕು ಅನ್ನುತ್ತಿತ್ತು. ಆ ಗುಂಪಿನ ಮುಂದಾಳು ಮನೋಜ್, ಪೇಂಟು ಹಾರ್ಡ್‌ವೇರಿನ ಅಂಗಡಿ ಇಟ್ಟವನು, ನಮ್ಮ ಲಕ್ಷ್ಮಿದೇವಮ್ಮನ ಮಗನೇ.

ಗಣೇಶನ ಗುಡಿಯ ಅಂಗಳದಲ್ಲಿ ಮೊದಲ ಸಭೆ ಸೇರಿತು. ಗುಡಿಯಲ್ಲಿ ಪ್ರಸಾದಕ್ಕೆ ಪುಳಿಯೋಗರೆ ಇದ್ದುದರಿಂದ ಜನವೂ ಚೆನ್ನಾಗಿಯೇ ಸೇರಿತು.

"ಚಿತ್ರದುರ್ಗದ ಗುಡ್ಡದ ಮೇಲೆ ನೋಡ್ರಿ, ಸಾಲು ಸಾಲು ತಿರುಗ್ತಾವೆ" ಎಂದು ಸೋಮನಾಥ್ ಎರಡೂ ಕೈ ತಿರುಗಿಸಿ ತೋರಿಸಿದರು. "ನಾವೇನು ಕಡಿಮೆ ಏನ್ರಿ?"

"ಸಾರ್, ಅದು ಚಿತ್ರದುರ್ಗ. ಇಲ್ಲಿ ಫ್ಯಾನ್ ತಿರುಗಿದ್ರೇ ಪುಣ್ಯ" ಎಂದ ಮನೋಜ್. ಜನ ನಕ್ಕರು. "ಒಂದು ನಾಮಕರಣ ಮಾಡಕ್ಕೆ ಚೌಲ್ಟ್ರಿಯವ್ರು ಎಷ್ಟು ಕೀಳ್ತಾರೆ ಗೊತ್ತಾ ನಿಮ್ಗೆ? ಊರಿನ ಜಾಗ, ಊರಿನೋರ ಕಷ್ಟಕ್ಕೆ ಆಗ್ಲಿ."

ಎದುರು ಅಪಾರ್ಟ್‌ಮೆಂಟಿನ ಶಿಲ್ಪಶ್ರೀ ಎದ್ದು, ಯಂತ್ರದ ಸದ್ದಿಗೆ ಮಕ್ಕಳು ಓದುವುದು ಹೇಗೆ, ರೆಕ್ಕೆಗೆ ಹಕ್ಕಿ ಸಿಕ್ಕಿದರೆ ಹೇಗೆ ಎಂದು ಕೇಳಿದರು. ಭವನದಲ್ಲಿ ಆರ್ಕೆಸ್ಟ್ರಾ ಹಾಕಿದರೆ ಮಕ್ಕಳು ಓದ್ತಾರಾ ಮೇಡಂ ಎಂದು ಹಿಂದಿನಿಂದ ಯಾರೋ ಕೂಗಿದರು. ಸ್ವಲ್ಪ ಹೊತ್ತು ಎಲ್ಲರೂ ಒಟ್ಟಿಗೇ ಮಾತಾಡಿದರು. ಆಗ ಮೂಲೆಯ ಕುರ್ಚಿಯಿಂದ ಲಕ್ಷ್ಮಿದೇವಮ್ಮ ಎದ್ದುನಿಂತರು.

"ಗಾಳಿ ಇಲ್ಲ ಅಂತ ಯಾರಂದಿದ್ದು? ಆ ಬಂಡೆ ಮ್ಯಾಲೆ ಮೂವತ್ತೈದು ವರ್ಷ ಗಾಳಿ ನೋಡಿದೀನಿ ನಾನು. ಸಂಕ್ರಾಂತಿ ಆದ್ಮೇಲೆ ಮೂಡಗಾಳಿ ಬೀಸೋದ ನೋಡಿ, ನಿಂತೋರ್ನ ತಳ್ಕೊಂಡೋಗುತ್ತೆ."

ಮಗ ತಲೆ ತಗ್ಗಿಸಿದ. ಸೋಮನಾಥ್ ಚಪ್ಪಾಳೆ ತಟ್ಟಿದರು. ಮಗನ ವಿರುದ್ಧ ತಾಯಿ ಎದ್ದುನಿಂತಳು ಎಂದು ಊರು ಎರಡು ವಾರ ಬಾಯಿ ಚಪ್ಪರಿಸಿಕೊಂಡು ಮಾತಾಡಿತು. ನಿಜ ಹೇಳಬೇಕೆಂದರೆ ಅವರಿಗೆ ಬೀದಿದೀಪವೂ ಬೇಕಿರಲಿಲ್ಲ, ಬೋರ್‌ವೆಲ್ಲೂ ಬೇಕಿರಲಿಲ್ಲ. ಭವನ ಬಂದರೆ ಬಂಡೆ ಒಡೆಯುತ್ತಾರೆ, ಸಿಮೆಂಟು ಸುರಿಯುತ್ತಾರೆ. ಯಂತ್ರ ಬಂದರೆ ಬಂಡೆ ಉಳಿಯುತ್ತದೆ, ಮೇಲಾಗಿ ಗಾಳಿ ಬಂದಾಗಲೆಲ್ಲ ಕಿಟಕಿಯಿಂದಲೇ ಕಾಣುತ್ತದೆ. ಅವರಿಗೆ ಬೇಕಾದದ್ದು ಅಷ್ಟೇ.

ಗಾಳಿ ಅಳೆಯುವ ಹೊಣೆ ಸುಮೇಧನ ಮೇಲೆ ಬಿತ್ತು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವನು, ಲಕ್ಷ್ಮಿದೇವಮ್ಮನ ಮನೆಯ ಮೂರನೇ ಅಂತಸ್ತಿನಲ್ಲೇ ಬಾಡಿಗೆಗಿದ್ದ. ಸಣ್ಣ ಬಟ್ಟಲುಗಳು ತಿರುಗುವ ಒಂದು ಕಂಬ ತಂದು, ಎಲ್ಲಿ ನೆಡಲಿ ಅಜ್ಜಿ ಎಂದು ಕೇಳಿದ. ಬಂಡೆಯ ಮೂಡಲ ಕಡೆಗೆ, ಎತ್ತುಗಳನ್ನು ಕಟ್ಟಿ ಸುತ್ತಿಸಲು ಕಣದ ಮೇಟಿಗಂಬ ನಿಲ್ಲಿಸುತ್ತಿದ್ದ ಕುಳಿ ಇದೆ, ಅದರ ಪಕ್ಕಕ್ಕೆ ನೆಡಿ ಮೇಷ್ಟ್ರೆ ಎಂದರು. ಅವನು ಹಾಗೆಯೇ ಮಾಡಿದ. ಅವತ್ತಿನಿಂದ ದಿನಾ ಸಂಜೆ ಅವನು ಮೆಟ್ಟಿಲು ಹತ್ತುವಾಗ ಬಾಗಿಲಲ್ಲೇ ತಡೆದು, "ಬಂತಾ ಮೇಷ್ಟ್ರೆ?" ಎಂದು ಕೇಳುವುದು ಅವರಿಗೆ ಅಭ್ಯಾಸವಾಯಿತು.

"ಇನ್ನೂ ಇಲ್ಲ ಅಜ್ಜಿ."

"ಬತ್ತದೆ ಇರಿ. ಸಂಕ್ರಾಂತಿ ಆಗ್ಲಿ."

ಸಂಕ್ರಾಂತಿ ಆಯಿತು. ಎಳ್ಳುಬೆಲ್ಲ ಹಂಚಿ ಹತ್ತು ದಿನ ಕಳೆಯಿತು. ಸುಮೇಧ ಅದೇ ಉತ್ತರ ಹೇಳುತ್ತಿದ್ದ, ಹೇಳುವಾಗ ಅವರ ಮುಖ ನೋಡುತ್ತಿರಲಿಲ್ಲ. ಲಕ್ಷ್ಮಿದೇವಮ್ಮನಿಗೆ ಅವನ ಬಟ್ಟಲುಗಳ ಮೇಲೇ ಗುಮಾನಿ ಬಂತು. ಒಂದು ಮಧ್ಯಾಹ್ನ ಮೂರೂವರೆಗೆ, ಯಾರಿಗೂ ಹೇಳದೆ, ಊರುಗೋಲು ಹಿಡಿದು ಹೊರಟೇಬಿಟ್ಟರು. ಬಂಡೆಯ ಬುಡದಲ್ಲಿ ಚಪ್ಪಲಿ ಬಿಟ್ಟರು. ಅರ್ಧ ಕುಂಡಿಯಲ್ಲಿ ತೆವಳಿಕೊಂಡು, ಅರ್ಧ ಕೈಯೂರಿಕೊಂಡು, ದೇವರನ್ನೂ ಮಂಡಿಯನ್ನೂ ಸಮವಾಗಿ ಬೈಯುತ್ತಾ ಮೇಲೆ ಮುಟ್ಟಿದರು.

ಕುಳಿ ಅಲ್ಲೇ ಇತ್ತು. ಅದರೊಳಗೆ ಯಾರೋ ಸಿಗರೇಟಿನ ತುಂಡು ಹಾಕಿದ್ದರು, ಅದನ್ನು ತೆಗೆದು ಆಚೆ ಎಸೆದರು. ಮೂಡಲಿಗೆ ಬೆನ್ನು ಮಾಡಿ ನಿಂತರು. ಹತ್ತಿದ ಆಯಾಸಕ್ಕೆ ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿತ್ತು, ಕಾಯುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಕಣ್ಣು ಮುಚ್ಚಿ ಕಾದರು. ಬೆವರು ಬೆನ್ನಿಗಿಳಿಯಿತು, ರವಿಕೆ ಅಂಟಿತು, ತಣ್ಣಗಾಗಲಿಲ್ಲ. ಕಾಲು ಗಂಟೆ, ಅರ್ಧ ಗಂಟೆ. ಕಂಬದ ಮೇಲಿನ ಬಟ್ಟಲುಗಳು ಒಮ್ಮೆ ಹೊರಳಿ ಹಾಗೇ ನಿಂತವು.

ಗಾಳಿ ಸತ್ತೇ ಹೋಯಿತೆ ಎಂದುಕೊಂಡು ಲಕ್ಷ್ಮಿದೇವಮ್ಮ ತಿರುಗಿ ಮೂಡಲ ಕಡೆ ನೋಡಿದರು. ಹತ್ತು ಹೆಜ್ಜೆ ಆಚೆಗೆ ಅವರ ಮನೆಯೇ ಎದ್ದುನಿಂತಿತ್ತು. ಕೆಳಗಿನ ಕಿಟಕಿಯಿಂದ ದಿನಾ ಬಂಡೆಯನ್ನು ನೋಡಿದ್ದರೇ ಹೊರತು ಬಂಡೆಯಿಂದ ಮನೆಯನ್ನು ನೋಡಿರಲಿಲ್ಲ. ತಲೆಯೆತ್ತಿ, ಇನ್ನೂ ಎತ್ತಿ ನೋಡಬೇಕಾಯಿತು. ತುತ್ತತುದಿಯ ಟೆರೇಸಿನ ಮೇಲೆ ಸೊಸೆ ಒಣಗಿಹಾಕಿದ್ದ ಹಾಸುಬಟ್ಟೆಗಳು ಪಟಪಟನೆ ಬಡಿದುಕೊಳ್ಳುತ್ತಿದ್ದವು. ಒಂದಂತೂ ಹಗ್ಗದ ಮೇಲೆ ನೇರವಾಗಿ ಪಡುವಲಿಗೆ ಚಾಚಿಕೊಂಡು ನಿಂತಿತ್ತು.

ಗಾಳಿ ಬಂದಿತ್ತು. ಸಂಕ್ರಾಂತಿ ಕಳೆದು ಹೇಳಿದ ಹೊತ್ತಿಗೆ ಸರಿಯಾಗಿ ಬಂದಿತ್ತು. ಅವರ ಮನೆ ಅದನ್ನು ತಡೆದು ನಿಂತಿತ್ತು.

ಅವರು ಕುಳಿಯ ಪಕ್ಕದಲ್ಲೇ ಕುಸಿದು ಕೂತರು. ಹದಿನೈದು ವರ್ಷದ ಹಿಂದೆ ಆ ಮನೆಗೆ ಗುದ್ದಲಿ ಪೂಜೆ ಮಾಡುವ ಮೊದಲು ಗಂಡ ಹೆಂಡತಿಗೆ ಜಗಳವಾಗಿತ್ತು. ಆ ಜಾಗ ಅವರ ಮೂಡಲ ಹೊಲ. ಚಿಕ್ಕಬೈರಪ್ಪ ಒಂದೇ ಅಂತಸ್ತು ಸಾಕು ಎಂದು ಹಟ ಹಿಡಿದಿದ್ದರು. "ಮ್ಯಾಲೆ ಎತ್ತಿದ್ರೆ ಕಣಕ್ಕೆ ಗಾಳಿ ನಿಂತೋಯ್ತದೆ ಕಣೇ" ಎಂದಿದ್ದರು. ಇವರು ಬಿಡಲಿಲ್ಲ. "ಈಗ ಯಾರು ರಾಗಿ ತೂರ್ತಾರೆ? ಮನೋಜಂಗೆ ಒಂದು, ಮಗ್ಳು ಸೌಮ್ಯಂಗೆ ಒಂದು, ಮಿಕ್ಕಿದ್ದು ಬಾಡಿಗೆಗೆ. ಗಾಳಿ ಬಂದಾಗ ತೂರ್ಕೋಬೇಕು, ಊರೋರೆಲ್ಲ ಎತ್ತುಸ್ತಾವ್ರೆ, ನಾವೇ ದಡ್ರಾ?" ಎಂದು ದಬಾಯಿಸಿದ್ದರು. ಮುಂಗೋಪಿ ಅವತ್ತು ರೇಗಲಿಲ್ಲ. "ನೀನು ಹೇಳಿದ್ಮೇಲೆ ಆಯ್ತು" ಎಂದರು. ಹೆಂಡತಿಯ ಮಾತನ್ನು ಅವರು ಇನ್ನೊಂದು ಸಲ ಕೇಳಿದ್ದು ಅದೇ.

ಮನೆ ಎದ್ದ ಮೇಲೆ ಸಾಯುವವರೆಗೂ ಆತ ಮಾಘಮಾಸ ಬಂತೆಂದರೆ ಮಧ್ಯಾಹ್ನ ಬಂಡೆಗೆ ಹೋಗಿ ಒಬ್ಬರೇ ಕೂತು ಬರುತ್ತಿದ್ದರು. ಅಲ್ಲೇನು ಮಾಡ್ತೀರಿ ಎಂದು ಕೇಳಿದರೆ "ಸುಮ್ನೆ" ಅನ್ನುತ್ತಿದ್ದರು. ಇಲ್ಲಿ ಗಾಳಿ ಇಲ್ಲವೆಂದು ಅವರಿಗೆ ಗೊತ್ತಿತ್ತು, ಯಾಕಿಲ್ಲ ಎಂದೂ ಗೊತ್ತಿತ್ತು. ಒಂದು ದಿನ, ಒಂದೇ ಒಂದು ದಿನ ಅದನ್ನು ಎತ್ತಿ ಆಡಲಿಲ್ಲ. ಬೈದಾದರೂ ಹೋಗಬಾರದಿತ್ತೇ ಎಂದು ಲಕ್ಷ್ಮಿದೇವಮ್ಮ ಅಲ್ಲೇ ಕೂತು ಅತ್ತರು.

ಸಂಜೆ ಸುಮೇಧ ಬಂದಾಗ ಅವರು ಬಾಗಿಲಲ್ಲಿ ನಿಂತಿದ್ದರು. "ನಮ್ಮನೆ ಅಡ್ಡ ನಿಂತದೆ ಅಂತ ನಿಮ್ಗೆ ಗೊತ್ತಿತ್ತಲ್ವಾ ಮೇಷ್ಟ್ರೆ?"

ಸುಮೇಧ ಬ್ಯಾಗನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡ. "ಗೊತ್ತಿತ್ತು ಅಜ್ಜಿ. ಓನರ್ ಮನೆ ಬಗ್ಗೆ ಓನರ್ ಹತ್ರ ಹೇಗೆ ಹೇಳೋದು ಅಂತ…"

ಕೊನೆಯ ಸಭೆ ಫೆಬ್ರವರಿಯ ಮೊದಲ ಭಾನುವಾರ ಇಳಿಹೊತ್ತಿಗೆ. ಪಾಲಿಕೆಯ ಇಂಜಿನಿಯರ್ ಒಬ್ಬರು ಜಾಗ ನೋಡಿ, ಎರಡೂ ಕಡೆಯವರ ಮಾತು ಕೇಳಿ ಬರೆದುಕೊಳ್ಳುವುದಕ್ಕೆ ಬರುವವರಿದ್ದರು. ಹಿಂದಿನ ದಿನ ಸೋಮನಾಥ್ ಸಕ್ಕರೆ ಬಾಳೆಹಣ್ಣಿನ ಚಿಪ್ಪು ಹಿಡಿದು ಮನೆಗೇ ಬಂದರು.

"ಅಮ್ಮಾರೆ, ಮೂರು ತಿಂಗಳ ಲೆಕ್ಕದಾಗೆ ಗಾಳಿ ಕಡಿಮೆ ಐತಿ. ಆದ್ರ ಇಲ್ಲಿ ಮೂವತ್ತೈದು ವರ್ಷ ಗಾಳಿ ನೋಡಿದೋರು ನೀವು. ಗಾಳಿ ಐತಿ, ಈ ವರ್ಷ ತಡ ಆಗೇತಿ ಅಂತ ನಾಳೆ ಒಂದು ಮಾತು ಹೇಳ್ರಿ. ಇನ್ನೊಂದು ವರ್ಷ ಟೈಮ್ ಕೊಡ್ತಾರ. ಇಲ್ಲಾಂದ್ರ ಭವನ ಪಾಸಾಗಿಬಿಡ್ತದ."

ಒಂದು ವರ್ಷ. ಎಪ್ಪತ್ತಮೂರರ ಜೀವಕ್ಕೆ ಒಂದು ವರ್ಷವೆಂದರೆ ಸಣ್ಣದಲ್ಲ. ಇನ್ನೊಂದು ವರ್ಷ ಕಿಟಕಿಯಲ್ಲಿ ಬಂಡೆ ಇರುತ್ತದೆ, ಆಮೇಲಿನದು ಯಾರಿಗೆ ಗೊತ್ತು? ಅದಕ್ಕೆ ಒಂದು ಸುಳ್ಳೇನು ಹೆಚ್ಚಿನ ಬೆಲೆಯೇ? ರಾತ್ರಿಯೆಲ್ಲ ಅವರು ಆ ಮಾತನ್ನು ಬಾಯಲ್ಲಿ ಹೊರಳಿಸಿ ಅಭ್ಯಾಸ ಮಾಡಿದರು. ಬೆಳಗಾಗುವ ಹೊತ್ತಿಗೆ ಅದು ಬಾಯಿಗೆ ಕೂತಿತ್ತು ಕೂಡ.

ಆದರೆ ಒಂದು ಎಡವಟ್ಟಾಯಿತು. ಗುಡಿಯ ಅಂಗಳದಲ್ಲಿ ಯಾವುದೋ ಹೋಮ ಇದ್ದುದರಿಂದ ಸಭೆಯನ್ನು ಬಂಡೆಯ ಮೇಲೇ ಇಟ್ಟುಕೊಂಡರು. ಪ್ಲಾಸ್ಟಿಕ್ ಕುರ್ಚಿ, ಶಾಮಿಯಾನ, ಮೈಕು. ಶೂ ಹಾಕಿದವರು, ಚಪ್ಪಲಿ ಹಾಕಿದವರು ಎಲ್ಲ ಸರಸರ ಹತ್ತಿದರು. ಮನೋಜ್ ತಾಯಿಯ ರಟ್ಟೆ ಹಿಡಿದು ಕರೆತಂದ. ಬುಡದಲ್ಲಿ ಅವರು ನಿಂತು ಚಪ್ಪಲಿ ಬಿಟ್ಟರು.

"ಬಿಸ್ಲಿಗೆ ಕಾದೈತೆ ಕಣಮ್ಮ, ಹಾಕ್ಕೊ."

"ಕಣ ಕಣಪ್ಪ ಇದು."

ಇಂಜಿನಿಯರ್ ಮರ್ಯಾದೆಯಿಂದಲೇ ಮೈಕು ಕೊಟ್ಟರು. "ಹೇಳಿ ಅಮ್ಮ. ನೀವು ಇಲ್ಲಿ ತುಂಬಾ ವರ್ಷ ಗಾಳಿ ನೋಡಿದ್ದೀರಂತೆ. ಈ ಬಂಡೆಗೆ ಗಾಳಿ ಬರುತ್ತಾ?"

ಸೋಮನಾಥ್ ಮುಂದಕ್ಕೆ ಬಾಗಿ ಕೂತರು. ಲಕ್ಷ್ಮಿದೇವಮ್ಮ ಬಾಯಿ ತೆರೆದರು. ರಾತ್ರಿ ಕಲಿತ ಮಾತು ನಾಲಗೆಯ ತುದಿಯಲ್ಲೇ ಇತ್ತು. ಬರಿಗಾಲಿಗೆ ಬಂಡೆ ಸುಡುತ್ತಿತ್ತು, ಪಕ್ಕದಲ್ಲೇ ಮೇಟಿಯ ಕುಳಿ.

"ಬರಲ್ಲ ಸಾರ್" ಎಂದರು. "ಮುಂದಕ್ಕೂ ಬರಲ್ಲ. ಗಾಳಿ ತಪ್ಪೇನಿಲ್ಲ, ಅದು ಬತ್ತಾನೇ ಅದೆ. ಅಗೋ, ಆ ಮನೆ ಅಡ್ಡ ನಿಂತದೆ. ಅದು ನಮ್ಮನೆ. ನಮ್ಮ ಯಜಮಾನ್ರು ಬ್ಯಾಡ ಅಂದ್ರು, ನಾನೇ ಎತ್ತಿಸ್ದೆ."

ಮೈಕಿನಲ್ಲಿ ಅಷ್ಟೂ ಕೇಳಿಸಿತು. ಸೋಮನಾಥ್ ಕನ್ನಡಕ ತೆಗೆದು ಒರೆಸಿಕೊಂಡರು. ಇಂಜಿನಿಯರ್ ಬರೆದುಕೊಂಡರು. ಕೈಯೆತ್ತಿಸಿದಾಗ ಭವನಕ್ಕೇ ಹೆಚ್ಚು ಕೈಗಳು ಎದ್ದವು. ಗೆದ್ದ ಮನೋಜನ ಬೆನ್ನು ತಟ್ಟುವುದಕ್ಕೆ ಬಂದವರನ್ನು ಅವನು ಕೈಯಲ್ಲೇ ತಡೆದ. ತಾಯಿಯನ್ನು ಮೆಲ್ಲಗೆ ಇಳಿಸಿ, ಮಂಡಿಯೂರಿ ಕೂತು ತಾನೇ ಚಪ್ಪಲಿ ತೊಡಿಸಿದ.

"ನಂಗೆ ಒಂದ್ಮಾತು ಹೇಳ್ಬೋದಿತ್ತಲ್ಲಮ್ಮ, ನಿಂಗೆ ಈ ಬಂಡೆ ಇಷ್ಟು ಬೇಕಾಗಿತ್ತು ಅಂತ."

"ನಿಮ್ಮಪ್ಪನೂ ಹೇಳ್ಲಿಲ್ಲ" ಎಂದರು ಲಕ್ಷ್ಮಿದೇವಮ್ಮ.

ಮಾರನೆಯ ದಿನ ಮನೆಯವರೆಲ್ಲ ಅವರವರ ಕೆಲಸಕ್ಕೆ ಹೋದ ಮೇಲೆ, ಅವರು ಅಟ್ಟದಿಂದ ಹಳೆಯ ಮೊರ ಇಳಿಸಿಕೊಂಡರು. ಅಂಚಿಗೆ ಸುತ್ತಿದ್ದ ಬಟ್ಟೆ ಹಾಳಾಗಿತ್ತು, ಬಿದಿರು ಗಟ್ಟಿಯಾಗಿಯೇ ಇತ್ತು. ಡಬ್ಬಿಯಿಂದ ಎರಡು ಸೇರು ರಾಗಿ ಸುರಿದುಕೊಂಡರು. ಅಂಗಡಿಯ ರಾಗಿ, ಅದರಲ್ಲಿ ತೂರುವುದಕ್ಕೆ ಒಂದು ಎಸಳು ಹೊಟ್ಟೂ ಇಲ್ಲ. ನಾಲ್ಕು ಅಂತಸ್ತಿನ ಮೆಟ್ಟಿಲನ್ನು ಕೂತು ಎದ್ದು, ಕೂತು ಎದ್ದು ಹತ್ತುವಷ್ಟರಲ್ಲಿ ಕುತ್ತಿಗೆಯ ಹಿಂದೆಲ್ಲ ಬೆವರು. ಟೆರೇಸಿನ ಬಾಗಿಲು ತಳ್ಳಿ, ಒಣಗಿಹಾಕಿದ ಬಟ್ಟೆಗಳ ನಡುವೆ ನುಸುಳಿ, ಬಂಡೆ ಕಾಣುವ ಅಂಚಿಗೆ ಹೋದರು. ಬನಶಂಕರಿಯ ಕಡೆಯ ಮನೆಗಳು ಬಿಸಿಲಿಗೆ ಬೆಳ್ಳಗಾಗಿದ್ದವು. ಚಪ್ಪಲಿ ಬಿಟ್ಟು, ಮೊರ ಹಿಡಿದು, ಮೂಡಲಿಗೆ ಬೆನ್ನು ಮಾಡಿ ನಿಂತರು.

ಹೆಚ್ಚು ಕಾಯಬೇಕಾಗಲಿಲ್ಲ. ಕುತ್ತಿಗೆಯ ಬೆವರು ತಣ್ಣಗಾಯಿತು. ಅದೇ ಗಾಳಿ, ಒಂದು ಚೂರೂ ಬದಲಾಗಿರಲಿಲ್ಲ. ಬಟ್ಟೆಗಳಿನ್ನೂ ಅಲ್ಲಾಡಿರಲಿಲ್ಲ.

"ಬಂತು" ಎಂದರು.

ಅನ್ನುತ್ತಾ ಕೈಗಳು ತಾವಾಗಿಯೇ ಮೊರವನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದವು. ಮೂವತ್ತೈದು ವರ್ಷ ಅವು ಕಲಿತದ್ದು ಮೊರ ಎತ್ತಿ ಕೊಡುವುದನ್ನು ಮಾತ್ರ, ಸುರಿಯುವುದನ್ನಲ್ಲ. ಅವರು ಹಾಗೇ ಹಿಡಿದು ನಿಂತರು. ಹಾಸುಬಟ್ಟೆಗಳು ಬಡಿದುಕೊಂಡವು, ಸೆರಗು ಪಡುವಲಿಗೆ ಹಾರಿತು, ರಟ್ಟೆ ಸೋಲತೊಡಗಿತು. ಮೇಲಿನಿಂದ ಯಾರೂ ಮೊರ ತೆಗೆದುಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿಗೆ ಕುತ್ತಿಗೆ ಮತ್ತೆ ಬೆಚ್ಚಗಾಯಿತು.

"ಹೋಯ್ತು" ಎಂದು ಹೇಳಿ, ಒಂದು ಕಾಳೂ ಚೆಲ್ಲದೆ, ಲಕ್ಷ್ಮಿದೇವಮ್ಮ ಮೊರವನ್ನು ಕೆಳಗಿಳಿಸಿದರು.